ಇನ್ಸುಲಿನ್ ನಿಜಕ್ಕೂ ಬೀಗದ ಕೈಯೇ? ಪೊರೆಯಲ್ಲಿ ಏನಾಗುತ್ತೆ, ಕೋಶ ಯಾಕೆ ಬೆಳೆಯುತ್ತೆ

ಪಾಠದ_ಟಿಪ್ಪಣಿ
ಪದವಿ ತರಗತಿಗೆ ಇನ್ಸುಲಿನ್ ಬಗ್ಗೆ ಟಿಪ್ಪಣಿ ಬರೀತಿದೀನಿ. ಎಲ್ಲಿ ನೋಡಿದರೂ ಒಂದೇ ಹೋಲಿಕೆ: ಇನ್ಸುಲಿನ್ ಬೀಗದ ಕೈ, ಕೋಶದ ಬಾಗಿಲು ತೆಗೆಯುತ್ತೆ, ಗ್ಲೂಕೋಸ್ ಒಳಗೆ ಹೋಗುತ್ತೆ. ಇಷ್ಟೇ ಬರೆದರೆ ಮೂರು ಪ್ರಶ್ನೆ ಹಾಗೇ ಉಳಿಯುತ್ತವೆ. ಬಾಗಿಲು ತೆರೆದ ಮಾತ್ರಕ್ಕೆ ಕೋಶ ಯಾಕೆ ಬೆಳೀಬೇಕು? ಇನ್ಸುಲಿನ್ ಕೊಟ್ಟರೆ ರಕ್ತದ ಪೊಟ್ಯಾಸಿಯಂ ಯಾಕೆ ಇಳಿಯುತ್ತೆ? ಪ್ರಯೋಗಾಲಯದಲ್ಲಿ ಕೋಶ ಬೆಳೆಸೋ ಮಾಧ್ಯಮಕ್ಕೆ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಹಾಕ್ತಾರಲ್ಲ, ಅಷ್ಟೊಂದು ಯಾಕೆ? ಪುಸ್ತಕದ ಬಾಣದ ಚಿತ್ರ ನನ್ನ ಹತ್ರ ಇದೆ. ಒಂದು ಬಾಣಕ್ಕೂ ಇನ್ನೊಂದಕ್ಕೂ ನಡುವೆ ಏನಾಗುತ್ತೆ ಅಂತ ಗೊತ್ತಿರೋರು ಹೇಳಿ.

ಪೊರೆ_ಪುರಾಣ
ಮೊದಲು ಆ ಬೀಗದ ಕೈ ಎಸೀರಿ. ಕರೆಗಂಟೆ ಅನ್ನಿ, ಸ್ವಲ್ಪ ಹತ್ತಿರ ಬರುತ್ತೆ. ಇನ್ಸುಲಿನ್ ಕೆಲಸ ಮಾಡೋಕೆ ಕೋಶದೊಳಗೆ ಹೋಗಬೇಕಿಲ್ಲ. 51 ಅಮೈನೋ ಆಮ್ಲಗಳ ಪ್ರೋಟೀನ್ ಅದು, ಕೊಬ್ಬಿನ ಪೊರೆ ದಾಟೋ ಶಕ್ತಿಯೂ ಅದಕ್ಕಿಲ್ಲ. ಹೊರಗೆ ನಿಂತು ಗಂಟೆ ಒತ್ತುತ್ತೆ, ಒಳಗಿನವರು ಓಡಾಡ್ತಾರೆ.

ಗಂಟೆ ಅಂದರೆ ಇನ್ಸುಲಿನ್ ಗ್ರಾಹಕ. ಎರಡು ಆಲ್ಫಾ ತುಂಡು ಪೂರ್ತಿ ಹೊರಗೆ, ಎರಡು ಬೀಟಾ ತುಂಡು ಪೊರೆಯನ್ನು ತೂರಿ ಒಳಕ್ಕೆ. ನಾಲ್ಕೂ ಗಂಧಕದ ಸೇತುವೆಗಳಿಂದ ಮೊದಲೇ ಬೆಸೆದಿರುತ್ತವೆ. ಬಿಡಿಬಿಡಿಯಾಗಿ ಓಡಾಡೋ ಗ್ರಾಹಕಗಳು ಹಾರ್ಮೋನು ಬಂದಾಗ ಜೋಡಿಯಾಗ್ತವೆ ಅನ್ನೋ ಸಾಮಾನ್ಯ ಕಥೆ ಇಲ್ಲಿ ನಡೆಯಲ್ಲ. ಇದು ಹುಟ್ಟಾ ಜೋಡಿ. ಖಾಲಿ ಇದ್ದಾಗ ಎರಡು ಕಾಲು ಅಗಲಿಸಿ ನಿಂತಿರುತ್ತೆ, ಇನ್ಸುಲಿನ್ ಕೂತಾಗ ಕಾಲು ಹತ್ತಿರ ಬರುತ್ತವೆ. ಆಗ ಒಳಗಿರೋ ಎರಡು ಕೈನೇಸ್ (ಫಾಸ್ಫೇಟ್ ಅಂಟಿಸೋ ಕಿಣ್ವ) ತುಂಡುಗಳು ಒಂದಕ್ಕೊಂದು ಫಾಸ್ಫೇಟ್ ಅಂಟಿಸ್ತವೆ. ಫಾಸ್ಫೇಟ್ ಕೂರೋ ಅಮೈನೋ ಆಮ್ಲಗಳಲ್ಲಿ ಮುಖ್ಯವಾದವು ಮೂರು ಟೈರೋಸಿನ್‌ಗಳು: 1158, 1162, 1163. ಮೂರೂ ಅಂಟಿದ ಮೇಲೆ ಕೈನೇಸ್ ಪೂರ್ತಿ ಎಚ್ಚರ.

ಅನುಮಾನಪ್ಪ
'ಗ್ರಾಹಕ' ಅಂದ್ರೆ ಅಂಗಡಿಗೆ ಬಂದ ಗಿರಾಕಿ ಅನ್ಸುತ್ತೆ ಮಾರಾಯ್ರೆ. ರಿಸೆಪ್ಟರ್ ಅಂತಲೇ ಬರೀರಿ.

ಪೊರೆ_ಪುರಾಣ
ಆಯ್ತು, ಈ ಎಳೆಯಲ್ಲಿ ರಿಸೆಪ್ಟರ್. ಪಠ್ಯಪುಸ್ತಕದವರು ಬಂದು ಜಗಳ ಆಡಿದರೆ ನಿಮ್ಮನ್ನೇ ಮುಂದೆ ಬಿಡ್ತೀನಿ.

ಗ್ಲುಟ್_ಗೆಳೆಯ
ಬಾಗಿಲಿನ ಭಾಗ ನಾನು ಹೇಳ್ತೀನಿ. ಎಚ್ಚರವಾದ ರಿಸೆಪ್ಟರ್ ಐಆರ್‌ಎಸ್ ಅನ್ನೋ ಪ್ರೋಟೀನಿನ ಟೈರೋಸಿನ್‌ಗಳಿಗೆ ಫಾಸ್ಫೇಟ್ ಅಂಟಿಸುತ್ತೆ. ಅಲ್ಲಿಗೆ ಪಿಐ3-ಕೈನೇಸ್ ಬಂದು ಕೂರುತ್ತೆ. ಅದರ ಕೆಲಸ ನಡೆಯೋದು ಪೊರೆಯ ಒಳಮುಖದಲ್ಲೇ: ಪಿಐಪಿ2 ಅನ್ನೋ ಕೊಬ್ಬಿಗೆ ಇನ್ನೊಂದು ಫಾಸ್ಫೇಟ್ ಸೇರಿಸಿ ಪಿಐಪಿ3 ಮಾಡುತ್ತೆ. ಇಲ್ಲಿ ಬದಲಾಗಿದ್ದು ಪೊರೆಯ ರಾಸಾಯನಿಕವೇ. ಆ ಪಿಐಪಿ3 ಕಂಡು ಎಕೆಟಿ ಮತ್ತು ಪಿಡಿಕೆ1 ಅನ್ನೋ ಎರಡು ಕೈನೇಸ್‌ಗಳೂ ಪೊರೆಗೆ ಬಂದು ಅಂಟಿಕೊಳ್ತವೆ. ಪಿಡಿಕೆ1 ಎಕೆಟಿಯ 308ನೇ ಥ್ರಿಯೋನಿನ್‌ಗೆ ಫಾಸ್ಫೇಟ್ ಅಂಟಿಸುತ್ತೆ, ಎಂಟಾರ್‌ಸಿ2 ಅನ್ನೋ ಇನ್ನೊಂದು ಕೈನೇಸ್ ಗುಂಪು ಅದರ 473ನೇ ಸೆರಿನ್‌ಗೆ ಅಂಟಿಸುತ್ತೆ. ಎರಡೂ ಆದರೇನೇ ಪೂರ್ತಿ ಶಕ್ತಿ.

ಈಗ ಬಾಗಿಲು. ಕೊಬ್ಬಿನ ಕೋಶ, ಸ್ನಾಯು ಕೋಶಗಳಲ್ಲಿ ಗ್ಲುಟ್-4 ಅನ್ನೋ ಸಾಗಣೆ ಪ್ರೋಟೀನ್ ಸಣ್ಣ ಗುಳ್ಳೆಗಳಲ್ಲಿ ತುಂಬಿ ಒಳಗೇ ಕಾದಿರುತ್ತೆ. ಇನ್ಸುಲಿನ್ ಇಲ್ಲದಾಗ ಮೇಲ್ಮೈಯಲ್ಲಿರೋದು ಬಹಳ ಸ್ವಲ್ಪ. ಆ ಗುಳ್ಳೆಗಳನ್ನು ತಡೆಹಿಡಿದಿರೋ ಬ್ರೇಕಿನ ಹೆಸರು ಎಎಸ್160. ಎಕೆಟಿ ಅದಕ್ಕೆ ಫಾಸ್ಫೇಟ್ ಅಂಟಿಸಿದ ಕೂಡಲೇ ಬ್ರೇಕು ಸಡಿಲ, ರ‍್ಯಾಬ್ ಪ್ರೋಟೀನ್‌ಗಳು (ಕೊಬ್ಬಿನ ಕೋಶದಲ್ಲಿ ಮುಖ್ಯವಾಗಿ ರ‍್ಯಾಬ್10) ಚಾಲೂ. ಗುಳ್ಳೆ ಪೊರೆಯ ಹತ್ತಿರ ಹೋಗಿ ಕಟ್ಟಿಕೊಂಡು, ಕೊನೆಗೆ ಬೆಸೆದುಕೊಳ್ಳುತ್ತೆ. ಬೆಸೆಯೋ ಕೊಕ್ಕೆಗಳು: ಗುಳ್ಳೆ ಕಡೆ ವ್ಯಾಂಪ್2, ಪೊರೆ ಕಡೆ ಸಿಂಟ್ಯಾಕ್ಸಿನ್4 ಮತ್ತು ಸ್ನ್ಯಾಪ್23. ನಿಮಿಷಗಳಲ್ಲಿ ಮುಗಿಯೋ ಕೆಲಸ, ಹತ್ತು-ಹದಿನೈದು ನಿಮಿಷಕ್ಕೆ ಗರಿಷ್ಠ ಮಟ್ಟ.

ಅಂದರೆ ಇರೋ ಬಾಗಿಲಿನ ಬೀಗ ಯಾರೂ ತೆಗೆಯಲ್ಲ. ಗೋದಾಮಿನಿಂದ ಬಾಗಿಲನ್ನೇ ಹೊತ್ತು ತಂದು ಗೋಡೆಗೆ ಕೂರಿಸ್ತಾರೆ. 1980ರಲ್ಲಿ ಎರಡು ಬೇರೆ ಬೇರೆ ಗುಂಪುಗಳು ಇದನ್ನು ತೋರಿಸಿದ್ದು, ಕುಶ್‌ಮನ್-ವರ್ಡ್‌ಝಾಲಾ ಒಂದು, ಸುಝುಕಿ-ಕೋನೋ ಇನ್ನೊಂದು. ಆಗ ಗ್ಲುಟ್-4ಕ್ಕೆ ಹೆಸರೂ ಇರಲಿಲ್ಲ.

ಕೋಶ_ಕಿಂಕರ
ಮೇಲೆ ಹೇಳಿದ್ದು ಸರಿ, ಒಂದು ತಿದ್ದುಪಡಿ. ತರೋದು ಮಾತ್ರ ಅಲ್ಲ, ಗ್ಲುಟ್-4 ಸದಾ ಸುತ್ತುತ್ತಾ ಇರುತ್ತೆ: ಹೊರಗೆ ಬರುತ್ತೆ, ಮತ್ತೆ ಒಳಗೆ ಹೋಗುತ್ತೆ. ಇನ್ಸುಲಿನ್ ಹೆಚ್ಚಿಸೋದು ಮುಖ್ಯವಾಗಿ ಹೊರಗೆ ಬರೋ ವೇಗವನ್ನ. ಇನ್ಸುಲಿನ್ ತೆಗೆದರೆ ಬಾಗಿಲುಗಳು ತಾವಾಗೇ ಗೋದಾಮಿಗೆ ವಾಪಸ್.

ಅನುಮಾನಪ್ಪ
ಹಾಗಾದ್ರೆ ಇನ್ಸುಲಿನ್ ಇಲ್ಲದಿದ್ರೆ ಮಿದುಳಿಗೆ ಗ್ಲೂಕೋಸ್ ಹೋಗಲ್ವಾ?

ಗ್ಲುಟ್_ಗೆಳೆಯ
ಹೋಗುತ್ತೆ. ಮಿದುಳಿನಲ್ಲಿ ಗ್ಲುಟ್-1, ಗ್ಲುಟ್-3. ಕೆಂಪು ರಕ್ತಕಣದಲ್ಲಿ ಗ್ಲುಟ್-1. ಯಕೃತ್ತಿನಲ್ಲಿ ಗ್ಲುಟ್-2. ಇವೆಲ್ಲ ಮೇಲ್ಮೈಯಲ್ಲೇ ಕಾಯಂ ವಾಸ, ಇನ್ಸುಲಿನ್ ಕರೆಯೋವರೆಗೆ ಕಾಯಲ್ಲ.

ಅನುಮಾನಪ್ಪ
ಯಕೃತ್ತಿನ ಬಾಗಿಲು ಯಾವಾಗಲೂ ತೆರೆದಿದ್ರೆ ಅಲ್ಲಿ ಇನ್ಸುಲಿನ್‌ಗೆ ಏನು ಕೆಲಸ?

ಕೋಶ_ಕಿಂಕರ
ಬಾಗಿಲಿಗಿಂತ ದೊಡ್ಡ ಕೆಲಸ. ಒಳಗೆ ಬಂದ ಗ್ಲೂಕೋಸ್ ಮತ್ತೆ ಹೊರಗೆ ಹೋಗದ ಹಾಗೆ ಗ್ಲುಕೋಕೈನೇಸ್ ಅದಕ್ಕೆ ಫಾಸ್ಫೇಟ್ ಗೂಟ ಹೊಡೆಯುತ್ತೆ, ಆ ಕಿಣ್ವದ ಉತ್ಪಾದನೆ ಹೆಚ್ಚಿಸೋದು ಇನ್ಸುಲಿನ್. ಜೊತೆಗೆ ಎಕೆಟಿ ಫಾಕ್ಸೋ1 ಅನ್ನೋ ಪ್ರೋಟೀನನ್ನು ಕೋಶಕೇಂದ್ರದಿಂದ ಆಚೆ ದಬ್ಬುತ್ತೆ, ಹೊಸ ಗ್ಲೂಕೋಸ್ ತಯಾರಿಸೋ ಜೀನ್‌ಗಳು ಸುಮ್ಮನಾಗ್ತವೆ. ಉಪವಾಸದ ಹೊತ್ತಿನ ಸಕ್ಕರೆ ಏರೋದು ಬಹುಪಾಲು ಈ ಯಕೃತ್ತಿನ ಉತ್ಪಾದನೆ ನಿಲ್ಲದಿದ್ದಾಗ. ಟಿಪ್ಪಣಿಯಲ್ಲಿ ಇದಕ್ಕೊಂದು ಪುಟ ಕೊಡಿ, ಎಲ್ಲರೂ ಸ್ನಾಯು ಬರೆದು ಯಕೃತ್ತು ಮರೀತಾರೆ.

ವಾರ್ಡ್_ಡ್ಯೂಟಿ
ಪೊಟ್ಯಾಸಿಯಂ ಪ್ರಶ್ನೆಗೆ ಬರೋಣ. "ಗ್ಲೂಕೋಸ್ ಒಳಗೆ ಹೋಗುವಾಗ ಪೊಟ್ಯಾಸಿಯಮ್ಮನ್ನೂ ಕೈಹಿಡಿದು ಕರೆದೊಯ್ಯುತ್ತೆ" ಅಂತ ಬರೆದಿರೋ ಟಿಪ್ಪಣಿಗಳು ರಾಶಿ ಇವೆ. ತಪ್ಪು. ಇನ್ಸುಲಿನ್ ಸೋಡಿಯಂ-ಪೊಟ್ಯಾಸಿಯಂ ಪಂಪಿನ ಚಟುವಟಿಕೆ ನೇರವಾಗಿ ಹೆಚ್ಚಿಸುತ್ತೆ. ಪ್ರತಿ ಸುತ್ತಿಗೆ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಸ್ನಾಯುವಿನ ಪೊರೆಯ ಒಳಬದಿ ಕೆಲವು ಮಿಲಿವೋಲ್ಟ್ ಇನ್ನಷ್ಟು ಋಣವಾಗುತ್ತೆ. ಗ್ಲೂಕೋಸ್ ಸಾಗಣೆಯಲ್ಲಿ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದ ಮೂತ್ರಪಿಂಡ ವೈಫಲ್ಯದ ರೋಗಿಯಲ್ಲೂ ಪೊಟ್ಯಾಸಿಯಂ ಇಳಿಯುತ್ತೆ. ಎರಡೂ ಬೇರೆ ದಾರಿ ಅನ್ನೋಕೆ ಅದೇ ಸಾಕ್ಷಿ.

ವಾರ್ಡಿನ ಲೆಕ್ಕ: ಪೊಟ್ಯಾಸಿಯಂ ಅಪಾಯದ ಮಟ್ಟ ಮುಟ್ಟಿದಾಗ 10 ಯೂನಿಟ್ ರೆಗ್ಯುಲರ್ ಇನ್ಸುಲಿನ್ ರಕ್ತನಾಳಕ್ಕೆ, ಜೊತೆಗೆ 25 ಗ್ರಾಂ ಗ್ಲೂಕೋಸ್, ಅಂದರೆ ಡೆಕ್ಸ್‌ಟ್ರೋಸ್. ಡೆಕ್ಸ್‌ಟ್ರೋಸ್ ಇರೋದು ಸಕ್ಕರೆ ಕುಸಿಯದಿರಲಿ ಅಂತ, ಪೊಟ್ಯಾಸಿಯಂ ಹೊರೋಕೆ ಅಲ್ಲ. ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ 250 ಮಿಲಿಗ್ರಾಂ ದಾಟಿದ್ದರೆ ಡೆಕ್ಸ್‌ಟ್ರೋಸ್ ಬಿಟ್ಟೇ ಕೊಡ್ತಾರೆ. ಪೊಟ್ಯಾಸಿಯಂ ಇಳಿಕೆ ಲೀಟರಿಗೆ ಸುಮಾರು 0.6ರಿಂದ 1 ಮಿಲಿಮೋಲ್, ಗಂಟೆಯೊಳಗೆ ಕಾಣುತ್ತೆ. ಎಡವೋ ಜಾಗ ಆಮೇಲೆ: ಡೆಕ್ಸ್‌ಟ್ರೋಸ್ ಕರಗಿ ಹೋಗಿರುತ್ತೆ, ಇನ್ಸುಲಿನ್ ಇನ್ನೂ ಕೆಲಸ ಮಾಡ್ತಿರುತ್ತೆ, ಮೂತ್ರಪಿಂಡ ಕೆಟ್ಟವರಲ್ಲಂತೂ ಇನ್ನೂ ಹೊತ್ತು. ನಾಲ್ಕರಿಂದ ಆರು ಗಂಟೆ ಪ್ರತಿ ತಾಸಿಗೂ ಗ್ಲೂಕೋಸ್ ನೋಡಲೇಬೇಕು. ಇನ್ನೊಂದು, ಪೊಟ್ಯಾಸಿಯಂ ಮೈಯಿಂದ ಹೊರಗೆ ಹೋಗಿಲ್ಲ, ಕೋಶದೊಳಗೆ ಅಡಗಿದೆ ಅಷ್ಟೇ. ಕೆಲವು ಗಂಟೆ ಬಿಟ್ಟು ವಾಪಸ್ ಬರುತ್ತೆ.

ಪಾಠದ_ಟಿಪ್ಪಣಿ
ಕೀಟೋಆಸಿಡೋಸಿಸ್‌ನಲ್ಲಿ (ಇನ್ಸುಲಿನ್ ಕೊರತೆಯಿಂದ ರಕ್ತ ಆಮ್ಲೀಯವಾಗೋ ಸ್ಥಿತಿ) ಇನ್ಸುಲಿನ್‌ಗೂ ಮೊದಲು ಪೊಟ್ಯಾಸಿಯಂ ನೋಡಿ ಅನ್ನೋದು ಇದಕ್ಕೇನಾ?

ವಾರ್ಡ್_ಡ್ಯೂಟಿ
ಇದಕ್ಕೇ. ಅವರ ರಕ್ತದಲ್ಲಿ ಪೊಟ್ಯಾಸಿಯಂ ಸರಿಯಾಗೇ ಕಂಡರೂ ಮೈಯ ದಾಸ್ತಾನು ಮೂತ್ರದಲ್ಲಿ ಖಾಲಿಯಾಗಿರುತ್ತೆ. ಪಂಪು ಚುರುಕಾದರೆ ಉಳಿದದ್ದೂ ಒಳಗೆ ಹೋಗಿ ಹೃದಯದ ಲಯ ಕೆಡುತ್ತೆ. ಲೀಟರಿಗೆ 3.5 ಮಿಲಿಮೋಲಿಗಿಂತ ಕೆಳಗಿದ್ದರೆ ಮೊದಲು ಪೊಟ್ಯಾಸಿಯಂ, ಆಮೇಲೆ ಇನ್ಸುಲಿನ್. ಹಳೆಯ ಮಾರ್ಗಸೂಚಿಗಳಲ್ಲಿ ಗಡಿ 3.3 ಇತ್ತು.

ನೊಣ_ತಜ್ಞೆ
ಬೆಳವಣಿಗೆಗೆ ಯಾರೂ ಕೈ ಹಾಕಿಲ್ಲ, ನಾನು ಹಾಕ್ತೀನಿ. ಕನ್ನಡದಲ್ಲಿ 'ಬೆಳೆಯೋದು' ಅಂದರೆ ಎರಡು ಅರ್ಥ, ಟಿಪ್ಪಣಿಯಲ್ಲಿ ಬಿಡಿಸಿ ಬರೀರಿ. ಕೋಶದ ಗಾತ್ರ ಹೆಚ್ಚೋದು ಒಂದು, ಕೋಶ ಒಡೆದು ಸಂಖ್ಯೆ ಹೆಚ್ಚೋದು ಇನ್ನೊಂದು. ಇನ್ಸುಲಿನ್ ಎರಡಕ್ಕೂ ಸೇರುತ್ತೆ, ಬೇರೆ ಬೇರೆ ದಾರಿಯಲ್ಲಿ.

ಗಾತ್ರದ ದಾರಿ: ಎಕೆಟಿ ಟಿಎಸ್‌ಸಿ2 ಅನ್ನೋ ತಡೆಯನ್ನು ತೆಗೆಯುತ್ತೆ, ಅದು ಹಿಡಿದಿಟ್ಟ ರೆಬ್ ಅನ್ನೋ ಪ್ರೋಟೀನ್ ಬಿಡುಗಡೆಯಾಗುತ್ತೆ, ಎಂಟಾರ್‌ಸಿ1 ಅನ್ನೋ ಕೈನೇಸ್ ಗುಂಪು ಎದ್ದು ಎಸ್6-ಕೈನೇಸ್ ಮತ್ತು 4ಇ-ಬಿಪಿ1 ಮೂಲಕ ಪ್ರೋಟೀನ್ ತಯಾರಿಕೆ ಏರಿಸುತ್ತೆ. ಪ್ರೋಟೀನ್ ಒಡೆಯೋ ಕೆಲಸ ಅದೇ ಹೊತ್ತಿಗೆ ಇಳಿಯುತ್ತೆ. ಆದರೆ ಎಂಟಾರ್‌ಸಿ1 ಬರೀ ಇನ್ಸುಲಿನ್ ಮಾತು ಕೇಳಲ್ಲ. ಅಮೈನೋ ಆಮ್ಲ, ಅದರಲ್ಲೂ ಲ್ಯೂಸಿನ್ ಮತ್ತು ಆರ್ಜಿನಿನ್, ಇದ್ದರೇನೇ ಅದು ಲೈಸೋಸೋಮಿನ ಮೇಲ್ಮೈಗೆ ಬರುತ್ತೆ, ರೆಬ್ ಸಿಗೋದು ಅಲ್ಲೇ. ಅಪ್ಪಣೆ ಇನ್ಸುಲಿನ್‌ದು, ಸಾಮಾನು ಅಮೈನೋ ಆಮ್ಲದ್ದು. ಸಾಮಾನಿಲ್ಲದೆ ಅಪ್ಪಣೆ ಮಾತ್ರ ಬಂದರೆ ಕಟ್ಟಡ ಏಳಲ್ಲ.

ಸಂಖ್ಯೆಯ ದಾರಿ ಸಂಕೇತ ದಾಟಿಸೋ ಪ್ರೋಟೀನ್‌ಗಳ ಸರಪಳಿ: ರಿಸೆಪ್ಟರಿನಿಂದ ಶಿಕ್, ಗ್ರಬ್2-ಸಾಸ್, ರಾಸ್, ರಾಫ್, ಮೆಕ್, ಕೊನೆಗೆ ಎರ್ಕ್.

ಪುರಾವೆ ಬೇಕಂದರೆ ಹಣ್ಣಿನ ನೊಣ ನೋಡಿ. ಐಆರ್‌ಎಸ್‌ಗೆ ಸಮನಾದ ಚಿಕೋ ಜೀನ್ ಕೆಟ್ಟರೆ ನೊಣ ಕುಬ್ಜವಾಗುತ್ತೆ, ಕೋಶಗಳ ಗಾತ್ರವೂ ಕಡಿಮೆ, ಸಂಖ್ಯೆಯೂ ಕಡಿಮೆ. ಎಸ್6-ಕೈನೇಸ್ ಮಾತ್ರ ಕೆಟ್ಟರೆ ಸಂಖ್ಯೆ ಅಷ್ಟೇ ಇರುತ್ತೆ, ಒಂದೊಂದು ಕೋಶವೂ ಸಣ್ಣದು. ಎರಡೂ 1999ರ ಕೆಲಸ. ದಾರಿ ಎಲ್ಲಿ ಕವಲೊಡೆಯುತ್ತೆ ಅಂತ ಇದಕ್ಕಿಂತ ಚೆಂದ ತೋರಿಸೋಕೆ ಆಗಲ್ಲ. ಚಿಕೋ ಅಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಚಿಕ್ಕ ಹುಡುಗ. ನಮ್ಮ 'ಚಿಕ್ಕ'ಕ್ಕೂ ಅದಕ್ಕೂ ನಂಟಿಲ್ಲ, ಕೇಳೋಕೆ ಮಾತ್ರ ಮಜಾ.

ಅನುಮಾನಪ್ಪ
ಚಿಕೋ ಚಿಕ್ಕದು. ಇದೊಂದು ಪರೀಕ್ಷೆವರೆಗೂ ಮರೆಯಲ್ಲ.

ಕೋಶ_ಕಿಂಕರ
@ನೊಣ_ತಜ್ಞೆ ಒಪ್ಪಿದೆ, ಒಂದು ಎಚ್ಚರಿಕೆ ಸೇರಿಸಿ. ಸುಮ್ಮನೆ ನಿಂತಿರೋ ಬಹುಪಾಲು ಕೋಶಗಳನ್ನು ಇನ್ಸುಲಿನ್ ಒಂದೇ ಒಡೆಯೋ ಹಂತಕ್ಕೆ ತಳ್ಳಲ್ಲ. ಪಿಡಿಜಿಎಫ್, ಇಜಿಎಫ್ ಥರದ ಬೆಳವಣಿಗೆಯ ಅಂಶಗಳು ಮೊದಲು ಎಬ್ಬಿಸಬೇಕು, ಎದ್ದಮೇಲೆ ಮುಂದೆ ನಡೆಸೋದು ಇನ್ಸುಲಿನ್ ಮತ್ತು ಅದನ್ನೇ ಹೋಲೋ ಐಜಿಎಫ್-1. "ಇನ್ಸುಲಿನ್ ಕೊಟ್ಟರೆ ಕೋಶ ಒಡೆಯುತ್ತೆ" ಅಂತ ಒಂದೇ ಸಾಲಲ್ಲಿ ಬರೆದರೆ ತಪ್ಪಾಗುತ್ತೆ.

ಹಳೇ_ಪಿಪೆಟ್
10 ಮೈಕ್ರೋಗ್ರಾಂ ಲೆಕ್ಕ ಮಾಡೋಣ. ಇನ್ಸುಲಿನ್ ಅಣುತೂಕ ಸುಮಾರು 5,808. ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಅಂದರೆ 1.72 ಮೈಕ್ರೋಮೋಲಾರ್. ಉಪವಾಸದ ರಕ್ತದಲ್ಲಿ 50 ಪಿಕೋಮೋಲಾರ್ ಆಸುಪಾಸು ಇರುತ್ತೆ, ಊಟವಾದ ಮೇಲೆ ಕೆಲವು ನೂರು. ಉಪವಾಸದ ಮಟ್ಟಕ್ಕೆ ಹೋಲಿಸಿದರೆ ಮೂವತ್ನಾಲ್ಕು ಸಾವಿರ ಪಟ್ಟು!

ಯಾಕೆ ಅಷ್ಟು? ಕಾರಣ ಎರಡು. ಒಂದು, ಇಷ್ಟು ದಟ್ಟವಾದಾಗ ಇನ್ಸುಲಿನ್ ಪಕ್ಕದ ಮನೆ ಗಂಟೆಯನ್ನೂ ಒತ್ತುತ್ತೆ. ಐಜಿಎಫ್-1 ರಿಸೆಪ್ಟರಿಗೆ ಅದು ಕೂರೋದು ನೂರು ಪಟ್ಟು ಅಥವಾ ಇನ್ನೂ ದುರ್ಬಲವಾಗಿ, ಆದರೆ ಮೈಕ್ರೋಮೋಲಾರ್ ಇದ್ದರೆ ಆ ದುರ್ಬಲತೆ ಲೆಕ್ಕಕ್ಕೆ ಬರಲ್ಲ. ತಟ್ಟೆಯಲ್ಲಿ ನೀವು ನೋಡೋ ಬೆಳವಣಿಗೆಯ ದೊಡ್ಡ ಪಾಲು ಆ ದಾರಿಯದು. ಎರಡು, ಮಾಧ್ಯಮದಲ್ಲಿರೋ ಸಿಸ್ಟೀನ್ ಇನ್ಸುಲಿನ್‌ನ ಗಂಧಕದ ಸೇತುವೆಗಳನ್ನು ಕತ್ತರಿಸುತ್ತೆ, ಕೋಶಗಳೂ ಒಳಗೆಳೆದು ಅರೆದು ಹಾಕ್ತವೆ. ಎರಡು ದಿನ ಮಾಧ್ಯಮ ಬದಲಿಸದೆ ಇರಬೇಕಂದರೆ ಮೊದಲೇ ಧಾರಾಳ ಸುರೀತಾರೆ.

ಆದ್ದರಿಂದ ತಟ್ಟೆಯ ಫಲಿತಾಂಶ ತೋರಿಸಿ "ಇನ್ಸುಲಿನ್‌ನಿಂದ ಮೈಯಲ್ಲೂ ಹೀಗೇ ಆಗುತ್ತೆ" ಅನ್ನೋರನ್ನ ಮೊದಲು ಸಾಂದ್ರತೆ ಕೇಳಿ.

ಪೊರೆ_ಪುರಾಣ
ಇದಕ್ಕೆ ಇನ್ನೊಂದು ತುದಿ ಇದೆ. ಕೊಬ್ಬಿನ ಕೋಶದಲ್ಲಿ ಗ್ಲೂಕೋಸ್ ಸಾಗಣೆ ಗರಿಷ್ಠ ಆಗೋಕೆ ರಿಸೆಪ್ಟರುಗಳಲ್ಲಿ ನೂರಕ್ಕೆ ಕೆಲವೇ ಕೆಲವು ತುಂಬಿದರೆ ಸಾಕು. ಉಳಿದವು 'ಬಿಡಿ' (ಸ್ಪೇರ್) ರಿಸೆಪ್ಟರುಗಳು. ರಿಸೆಪ್ಟರ್ ಸಂಖ್ಯೆ ಅರ್ಧಕ್ಕಿಳಿದರೂ ಗರಿಷ್ಠ ಪರಿಣಾಮ ಹಾಗೇ ಇರುತ್ತೆ, ಅದನ್ನು ಮುಟ್ಟೋಕೆ ಹೆಚ್ಚು ಇನ್ಸುಲಿನ್ ಬೇಕಾಗುತ್ತೆ ಅಷ್ಟೇ. ಇನ್ಸುಲಿನ್ ಪ್ರಮಾಣಕ್ಕೆ ಪರಿಣಾಮ ಬರೆದ ಗ್ರಾಫಿನ ಗೆರೆ ಬಲಕ್ಕೆ ಜರುಗಿದರೆ ತೊಂದರೆ ರಿಸೆಪ್ಟರಿನಲ್ಲಿ, ಗೆರೆಯ ನೆತ್ತಿಯೇ ತಗ್ಗಿದರೆ ರಿಸೆಪ್ಟರಿನಿಂದಾಚೆ.

ಅನುಮಾನಪ್ಪ
ಹಾಗಾದ್ರೆ ಇನ್ಸುಲಿನ್ ಹಾಕ್ಕೊಂಡ್ರೆ ಕ್ಯಾನ್ಸರ್ ಬರುತ್ತೆ ಅಂತ ವಾಟ್ಸಾಪಿನಲ್ಲಿ ಓಡಾಡೋದು ನಿಜಾನಾ?

ವಾರ್ಡ್_ಡ್ಯೂಟಿ
ಇದಕ್ಕೆ ಅವಸರದ ಉತ್ತರ ಬೇಡ. ಎಕ್ಸ್10 ಅಂತ ಒಂದು ಮಾರ್ಪಡಿಸಿದ ಇನ್ಸುಲಿನ್ ಇತ್ತು, ಬಿ ಸರಪಳಿಯ 10ನೇ ಜಾಗದಲ್ಲಿ ಹಿಸ್ಟಿಡಿನ್ ಬದಲು ಆಸ್ಪಾರ್ಟಿಕ್ ಆಮ್ಲ. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟ ಹೆಣ್ಣು ಇಲಿಗಳಲ್ಲಿ ಸ್ತನದ ಗಡ್ಡೆ ಬಂತು, ಔಷಧಿಯಾಗೋ ಮೊದಲೇ ಕೈಬಿಟ್ಟರು. ಅದು ರಿಸೆಪ್ಟರಿಗೆ ಕೂತರೆ ಬೇಗ ಏಳ್ತಿರಲಿಲ್ಲ, ಐಜಿಎಫ್-1 ರಿಸೆಪ್ಟರಿಗೂ ಹೆಚ್ಚು ಅಂಟ್ತಿತ್ತು. ಅಲ್ಲಿಂದ ಮುಂದೆ ಹೊಸ ಇನ್ಸುಲಿನ್‌ಗಳನ್ನೆಲ್ಲ ಈ ಕೋನದಿಂದ ಪರೀಕ್ಷೆ ಮಾಡ್ತಾರೆ. ಗ್ಲಾರ್ಜಿನ್ ಅನ್ನೋ ದೀರ್ಘಕಾಲ ಕೆಲಸ ಮಾಡೋ ಇನ್ಸುಲಿನ್ ಮೇಲೂ ಅನುಮಾನ ಬಂದಿತ್ತು. 2012ರಲ್ಲಿ ಬಂದ ಒರಿಜಿನ್ ಅಧ್ಯಯನದಲ್ಲಿ 12,537 ಜನರನ್ನು ಸರಾಸರಿ ಆರು ವರ್ಷದ ಮೇಲೆ ಗಮನಿಸಿದರು, ಕ್ಯಾನ್ಸರ್ ಹೆಚ್ಚಲಿಲ್ಲ. ವಾಟ್ಸಾಪ್ ನಂಬಿ ಇನ್ಸುಲಿನ್ ಬಿಟ್ಟವರಿಗೆ ಕೀಟೋಆಸಿಡೋಸಿಸ್ ಮಾತ್ರ ಖಂಡಿತ ಕಾದಿರುತ್ತೆ, ಟೈಪ್ 1 ಇದ್ದವರಿಗಂತೂ.

ಮೈಯಲ್ಲಿ ಬೆಳವಣಿಗೆಯ ಮುಖ ಕಣ್ಣಿಗೆ ಕಾಣೋ ಜಾಗಗಳು ಬೇರೆ ಇವೆ. ಒಂದೇ ಜಾಗಕ್ಕೆ ಚುಚ್ಚುತ್ತಾ ಇದ್ದರೆ ಅಲ್ಲಿ ಕೊಬ್ಬು ಗಂಟುಕಟ್ಟುತ್ತೆ, ಆ ಗಂಟಿಗೆ ಚುಚ್ಚಿದ ಇನ್ಸುಲಿನ್ ಹೀರಿಕೊಳ್ಳೋದು ಏರುಪೇರಾಗುತ್ತೆ. ಇನ್ಸುಲಿನ್ ಪ್ರತಿರೋಧ ಇದ್ದವರ ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗುತ್ತೆ. ತಾಯಿಯ ಸಕ್ಕರೆ ಹೆಚ್ಚಿದ್ದರೆ ಭ್ರೂಣ ತನ್ನದೇ ಇನ್ಸುಲಿನ್ ಹೆಚ್ಚು ಸುರಿಸಿ ದಪ್ಪಗೆ ಬೆಳೆಯುತ್ತೆ. ತಾಯಿಯ ಇನ್ಸುಲಿನ್ ಮಾಸು ದಾಟಲ್ಲ, ದಾಟೋದು ಗ್ಲೂಕೋಸ್.

ನೊಣ_ತಜ್ಞೆ
ಭ್ರೂಣದ ವಿಷಯಕ್ಕೆ ಪೂರಕ: ರಿಸೆಪ್ಟರಿಗೆ ಎರಡು ರೂಪ. ಜೀನಿನ 11ನೇ ಎಕ್ಸಾನ್ (ತುಂಡು) ಇಲ್ಲದ್ದು ಎ, ಇರೋದು ಬಿ, ವ್ಯತ್ಯಾಸ 12 ಅಮೈನೋ ಆಮ್ಲ. ಎ ರೂಪ ಐಜಿಎಫ್-2 ಅನ್ನೂ ಗಟ್ಟಿಯಾಗಿ ಹಿಡಿಯುತ್ತೆ. ಭ್ರೂಣದಲ್ಲೂ ಹಲವು ಗಡ್ಡೆಗಳಲ್ಲೂ ಎ ರೂಪವೇ ಜಾಸ್ತಿ, ದೊಡ್ಡವರ ಯಕೃತ್ತಿನಲ್ಲಿ ಬಿ. ರಿಸೆಪ್ಟರ್ ಜೀನ್ ಎರಡೂ ಪ್ರತಿ ಕೆಟ್ಟರೆ ಬರೋ ಡೊನೊಹ್ಯೂ ಸಿಂಡ್ರೋಮಿನಲ್ಲಿ ಮಗು ಹುಟ್ಟುವಾಗಲೇ ತೀರಾ ಸಣ್ಣದು. ಸಕ್ಕರೆಯ ರಿಸೆಪ್ಟರ್ ಅಂತ ಮಾತ್ರ ತಿಳಿದವರಿಗೆ ಇದು ಅರ್ಥವೇ ಆಗಲ್ಲ.

ಗ್ಲುಟ್_ಗೆಳೆಯ
ಪ್ರತಿರೋಧ ಅಂದಕೂಡಲೇ ಎಲ್ಲರೂ ಐಆರ್‌ಎಸ್-1ರ ಸೆರಿನ್ 307 ಬರೀತಾರೆ (ಇಲಿಯ ಲೆಕ್ಕ). ಅಲ್ಲಿ ಫಾಸ್ಫೇಟ್ ಕೂತರೆ ಸಂಕೇತ ಕಡಿತ ಅಂತ. ಆ ಸೆರಿನ್ ಬದಲು ಅಲನಿನ್ ಇಟ್ಟ ಇಲಿಗಳು ಸುಧಾರಿಸಬೇಕಿತ್ತಲ್ಲ? ಇನ್ಸುಲಿನ್ ಸ್ಪಂದನೆ ಇನ್ನೂ ಹದಗೆಟ್ಟಿತು! ಆ ಬಾಣವನ್ನು ಟಿಪ್ಪಣಿಯಲ್ಲಿ ಪೆನ್ಸಿಲಲ್ಲಿ ಬರೀರಿ.

ಪಾಠದ_ಟಿಪ್ಪಣಿ
ಬರೆದ ಪುಟ ಮೂರು ಸಲ ಹರಿದಿದೀನಿ. ಕೊನೇದೊಂದು: ಪ್ರಾಯೋಗಿಕ ತರಗತಿಗೆ ಎಕೆಟಿ ಫಾಸ್ಫೇಟನ್ನು ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನನ್ನು ಪಟ್ಟಿಯಾಗಿ ತೋರಿಸೋ ವಿಧಾನ) ತೋರಿಸಬೇಕು. ಇನ್ಸುಲಿನ್ ಹಾಕದ ಕೋಶದಲ್ಲೂ ಪಟ್ಟಿ ಗಾಢವಾಗೇ ಬರ್ತಿದೆ, ಹಾಕಿದ್ದಕ್ಕೂ ಹಾಕದ್ದಕ್ಕೂ ವ್ಯತ್ಯಾಸವೇ ಇಲ್ಲ. ಇನ್ಸುಲಿನ್ ಪುಡಿಯೂ ನೀರಲ್ಲಿ ಕರಗದೆ ಬೆಳ್ಳಗೆ ನಿಂತಿದೆ.

ಹಳೇ_ಪಿಪೆಟ್
ಪುಡಿ ಮೊದಲು. ಇನ್ಸುಲಿನ್ ತಟಸ್ಥ ನೀರಲ್ಲಿ ಸರಿಯಾಗಿ ಕರಗಲ್ಲ. 10 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂ ಕರಗಿಸಿ, ಮೆಲ್ಲಗೆ ತಿರುಗಿಸಿ. ಜೋರಾಗಿ ಕುಲುಕಿದರೆ ನೂಲುನೂಲಾಗಿ ಗಂಟುಕಟ್ಟುತ್ತೆ. ಈ ದ್ರಾವಣ 172 ಮೈಕ್ರೋಮೋಲಾರ್. 10 ಮಿಲಿಲೀಟರಿನಲ್ಲಿ 100 ನ್ಯಾನೋಮೋಲಾರ್ ಬೇಕಂದರೆ 5.8 ಮೈಕ್ರೋಲೀಟರ್ ಹಾಕಿ. ಸಣ್ಣ ಸಾಂದ್ರತೆಗೆ ಹೋದರೆ ದ್ರಾವಣದಲ್ಲಿ 0.1 ಶೇಕಡಾ ಬಿಎಸ್ಎ (ಹಸುವಿನ ರಕ್ತದ ಅಲ್ಬುಮಿನ್) ಇರಲಿ, ಇಲ್ಲದಿದ್ದರೆ ಇನ್ಸುಲಿನ್ ಗಾಜಿಗೂ ಪ್ಲಾಸ್ಟಿಕ್ಕಿಗೂ ಅಂಟಿ ಮಾಯ.

ಪಟ್ಟಿಯ ತೊಂದರೆ: ನೂರಕ್ಕೆ ತೊಂಬತ್ತು ಸಲ ಸೀರಂ. ಸೀರಂ ತುಂಬ ಬೆಳವಣಿಗೆಯ ಅಂಶಗಳಿರ್ತವೆ, ಎಕೆಟಿ ಆಗಲೇ ಎದ್ದಿರುತ್ತೆ. ಸೀರಂ ಇಲ್ಲದ ಮಾಧ್ಯಮದಲ್ಲಿ ನಾಲ್ಕು ಗಂಟೆ ಇಡಿ, ಹಟಮಾರಿ ಕೋಶವಾದರೆ ರಾತ್ರಿಯಿಡೀ. ಹಸಿವಿನ ಮಾಧ್ಯಮಕ್ಕೆ ಇನ್ಸುಲಿನ್ ಬೆರೆಸಿದ ಪೂರಕ ಸೇರಿಲ್ಲ ತಾನೇ? ಸೀಸೆಯ ಚೀಟಿ ಓದಿ. ಆಮೇಲೆ 100 ನ್ಯಾನೋಮೋಲಾರ್ ಇನ್ಸುಲಿನ್, 10 ನಿಮಿಷ, 37 ಡಿಗ್ರಿ. ತಟ್ಟೆಯನ್ನು ನೇರ ಮಂಜುಗಡ್ಡೆ ಮೇಲಿಟ್ಟು ತಣ್ಣನೆ ಪಿಬಿಎಸ್ ಉಪ್ಪುದ್ರಾವಣದಲ್ಲಿ ತೊಳೆದು ಕೋಶ ಒಡೀರಿ. ಒಡೆಯೋ ದ್ರಾವಣದಲ್ಲಿ ಸೋಡಿಯಂ ಆರ್ಥೋವನಾಡೇಟ್ 1 ಮಿಲಿಮೋಲಾರ್, ಸೋಡಿಯಂ ಫ್ಲೋರೈಡ್ 10 ಮಿಲಿಮೋಲಾರ್ ಇಲ್ಲದಿದ್ದರೆ ಫಾಸ್ಫೇಟುಗಳು ನಿಮ್ಮ ಕಣ್ಣೆದುರೇ ಕಳಚಿಕೊಳ್ತವೆ. ಬ್ಲಾಟಿನ ಪೊರೆಹಾಳೆಯ ಖಾಲಿ ಜಾಗ ಮುಚ್ಚೋಕೆ ಹಾಲಿನ ಪುಡಿ ಬೇಡ, ಅದರ ಕೇಸಿನ್ ಫಾಸ್ಫೇಟ್ ತುಂಬಿದ ಪ್ರೋಟೀನ್. ಬಿಎಸ್ಎ ಬಳಸಿ.

ತಟ್ಟೆಯ ಒಂದು ಗುಳಿಗೆ (ವೆಲ್) ಇನ್ಸುಲಿನ್‌ಗೆ ಅರ್ಧ ಗಂಟೆ ಮೊದಲು 100 ನ್ಯಾನೋಮೋಲಾರ್ ವರ್ಟ್‌ಮ್ಯಾನಿನ್ ಹಾಕಿ. ಪಿಐ3-ಕೈನೇಸ್ ನಿಂತು ಪಟ್ಟಿ ಮಾಯವಾಗಬೇಕು. ವಿದ್ಯಾರ್ಥಿಗಳಿಗೆ ತೋರಿಸೋಕೆ ಅದೇ ಒಳ್ಳೇದು. ಹಾಗೇ ಒಟ್ಟು ಎಕೆಟಿಯ ಪಟ್ಟಿಯನ್ನೂ ಪಕ್ಕದಲ್ಲಿಡಿ.

ಅನುಮಾನಪ್ಪ
ಔಷಧಿ ಅಂಗಡಿಯ ಇನ್ಸುಲಿನ್ ಹಾಕಿದ್ರೆ ಆಗಲ್ವಾ? ಕರಗಿಸೋ ಗೋಳೇ ಇಲ್ಲ.

ಹಳೇ_ಪಿಪೆಟ್
ಆಗುತ್ತೆ. ಮಿಲಿಲೀಟರಿಗೆ 100 ಯೂನಿಟ್ ಅಂದರೆ ಸುಮಾರು 3.5 ಮಿಲಿಗ್ರಾಂ, 600 ಮೈಕ್ರೋಮೋಲಾರ್. ಅದರಲ್ಲಿ ಕೆಡದಂತೆ ಕಾಯೋ ಕ್ರೆಸಾಲ್ ಇರುತ್ತೆ. 100 ನ್ಯಾನೋಮೋಲಾರಿಗೆ ಆರು ಸಾವಿರ ಪಟ್ಟು ತೆಳುವಾಗೋದರಿಂದ ಚಿಂತೆಯಿಲ್ಲ, ದಿನಗಟ್ಟಲೆ 10 ಮೈಕ್ರೋಗ್ರಾಂ ಇಡೋದಾದರೆ ಬೇಡ. ರೆಗ್ಯುಲರ್ ತಗೊಳ್ಳಿ, ಎನ್‌ಪಿಎಚ್ ಬೇಡ, ಅದು ಪ್ರೋಟಮಿನ್ ಜೊತೆ ಹರಳುಗಟ್ಟಿದ್ದು.

ಪಾಠದ_ಟಿಪ್ಪಣಿ
ಚೀಟಿ ಓದಿದೆ. ಹಸಿವಿನ ಮಾಧ್ಯಮ ಅಂತ ಇಟ್ಟಿದ್ದ ಸೀಸೆಯಲ್ಲಿ ಇನ್ಸುಲಿನ್-ಟ್ರಾನ್ಸ್‌ಫೆರಿನ್-ಸೆಲೆನಿಯಂ ಪೂರಕ ಸೇರಿಸಿದೆ.

ಹಳೇ_ಪಿಪೆಟ್
😂 ಸುರೀರಿ ಅದನ್ನ. ಹೊಸದು ಮಾಡಿ, ನಾಳೆ ಪಟ್ಟಿಯ ಚಿತ್ರ ಹಾಕಿ.